ಮೇಣ ಹಾಕದ ಸುರುಳಿ

ತಮ್ಮನ ಗಿಟಾರಿಗೆ ನಾನೇ ಸುತ್ತಿಕೊಟ್ಟ ಪಿಕಪ್‌ಗೆ ಮೇಣ ಹಾಕಲಿಲ್ಲ. ಮರೆತದ್ದಲ್ಲ. ಮೇಣದ ಡಬ್ಬಿ ಎಡಗೈ ಪಕ್ಕದಲ್ಲೇ ಇತ್ತು, ಅದನ್ನು ಕರಗಿಸಲು ಒಲೆಯ ಮೇಲೆ ನೀರು ಕುದಿಯುತ್ತಿತ್ತು. ನಾನು ಒಲೆ ಆರಿಸಿದೆ, ಡಬ್ಬಿಗೆ ಮುಚ್ಚಳ ಹಾಕಿದೆ, ಅದನ್ನು ಮೇಲಿನ ಹಲಗೆಗೆ ಎತ್ತಿಟ್ಟೆ. ಆಮೇಲೆ ಎಷ್ಟೋ ತಿಂಗಳು ಆ ಮಾತನ್ನು ಯಾರ ಮುಂದೆಯೂ ಆಡಲಿಲ್ಲ.

ಚಿಕ್ಕೋಡಿಯಲ್ಲಿ ನಮ್ಮದು ಮೋಟರ್ ಸುತ್ತುವ ಅಂಗಡಿ. ಸುಟ್ಟ ಪಂಪಿನ ಮೋಟರು, ಫ್ಯಾನು, ಮಿಕ್ಸರ್ ಬರುತ್ತವೆ. ಕರಿಕಾದ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತೇವೆ. ಅಪ್ಪನ ಕೈ ನಡುಗಲು ಶುರುವಾದಾಗ ನಾನು ಏಳನೇ ಇಯತ್ತೆ ಮುಗಿಸಿದ್ದೆ. ಸಣ್ಣ ತಂತಿಗೆ ನಡುಗದ ಬೆರಳು ಬೇಕು. ನನ್ನನ್ನು ಶಾಲೆ ಬಿಡಿಸಿ ಸುತ್ತುವ ಯಂತ್ರದ ಮುಂದೆ ಕೂರಿಸಿದರು. ತಮ್ಮ ನನಗಿಂತ ಆರು ವರ್ಷ ಚಿಕ್ಕವನು. ಅವನು ಶಾಲೆ ಮುಗಿಸಿ ನಿಪ್ಪಾಣಿಯ ಕಾಲೇಜು ಸೇರಿದ. ಅದರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ ಎಂದು ಬಹಳ ದಿನ ನಾನೇ ನಂಬಿಕೊಂಡಿದ್ದೆ.

ಕಾಲೇಜಿನಲ್ಲಿ ನಾಲ್ವರು ಹುಡುಗರು ಕೂಡಿ ಬ್ಯಾಂಡ್ ಕಟ್ಟಿದರು. ತಮ್ಮನದು ಎಲೆಕ್ಟ್ರಿಕ್ ಗಿಟಾರು. ಅವರಲ್ಲೊಬ್ಬನ ಹತ್ತಿರ ಹೈ-ಗೇನ್ ಆ್ಯಂಪ್ ಇತ್ತು. ಗಿಟಾರಿನಿಂದ ಬರುವ ಸಣ್ಣ ಸದ್ದನ್ನು ನೂರು ಪಟ್ಟು ಹಿಗ್ಗಿಸಿ, ಹರಿದು, ಗರ್ಜನೆ ಮಾಡಿ ಹೊರಗೆ ಬಿಡುವ ಪೆಟ್ಟಿಗೆ ಅದು. ಆದರೆ ಒಳ್ಳೆಯದನ್ನು ಹಿಗ್ಗಿಸಿದಂತೆ ಕೆಟ್ಟದ್ದನ್ನೂ ಹಿಗ್ಗಿಸುತ್ತದೆ. ತಮ್ಮ ಅದನ್ನು ಅಂಗಡಿಗೆ ತಂದು ಹಚ್ಚಿದ ದಿನ ಹಾಡಿಗಿಂತ ಗುಂಯ್‌ಗುಡುವುದೇ ಹೆಚ್ಚಾಗಿತ್ತು.

"ಅಕ್ಕಾ, ನಿನ್ನ ಮೋಟರ್ ಬಂದ್ ಮಾಡ. ನನ್ನ ಗಿಟಾರ್ ಗುಂಯ್ ಅನ್ನಾಕತ್ತೈತಿ."

"ನಿನ್ನ ಗಿಟಾರ್ ಬಂದ್ ಮಾಡ. ಮೋಟರ್ ಹೊಲಕ್ಕ ನೀರ ಕೊಡತೈತಿ, ನಿಂದೇನ ಕೊಡತೈತಿ?"

ಅಪ್ಪ ನಕ್ಕರು. ಆದರೂ ನನಗೆ ಕುತೂಹಲ ತಡೆಯಲಿಲ್ಲ. ಗಿಟಾರನ್ನು ಮೇಜಿನ ಮೇಲೆ ಮಲಗಿಸಿ ಬಿಚ್ಚಿ ನೋಡಿದೆ. ತಂತಿಗಳ ಕೆಳಗೆ ಕೂತಿರುವ ಪಿಕಪ್ ಎಂದರೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ಸುರುಳಿ. ಮೇಲೆ ತಂತಿ ಅಲುಗಿದರೆ ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ. ನನ್ನ ಕೆಲಸವೇ ಅದು, ತಲೆಕೆಳಗಾಗಿ; ಮೋಟರಿನಲ್ಲಿ ಸುರುಳಿಗೆ ಕರೆಂಟ್ ಕೊಟ್ಟರೆ ತಿರುಗಾಟ ಹುಟ್ಟುತ್ತದೆ. ಅವನ ಗಿಟಾರಿನಲ್ಲಿದ್ದದ್ದು ಒಂಟಿ ಸುರುಳಿಯ ಪಿಕಪ್. ಅಂಗಡಿಯ ಟ್ಯೂಬ್‌ಲೈಟು, ಮೋಟರು, ಎಲ್ಲದರ ಗುಂಯ್ ಅದರೊಳಗೆ ನುಗ್ಗುತ್ತಿತ್ತು.

ಎರಡು ವಾರ ಬಿಟ್ಟು ತಮ್ಮ ಕೊಲ್ಲಾಪುರದ ಗೆಳೆಯನಿಂದ ಬೇರೆ ಪಿಕಪ್ ತಂದ. ಬಲವಾದ ಅಯಸ್ಕಾಂತ, ಸುತ್ತು ತುಂಬಾ ಹೆಚ್ಚು. ಜೋರಿನ ಆ್ಯಂಪಿಗೆ ಜೋರಿನ ಪಿಕಪ್ಪೇ ಬೇಕು ಎಂಬುದು ಅವನ ಲೆಕ್ಕ. ಹಚ್ಚಿ ನುಡಿಸಿದರೆ ಯಾವ ಸ್ವರ ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಶುರುವಾಯಿತು ತಿಳಿಯದು. ಎಲ್ಲ ಕಲಸಿದ ಗಂಜಿ.

"ಸಣ್ಣ ಬೋರಿಗೆ ದೊಡ್ಡ ಮೋಟರ್ ಇಳಿಸಿದ್ರ ನೀರ ಜಾಸ್ತಿ ಬರ್ತೈತೇನ? ಕೆಸರ ಬರತೈತಿ," ಅಂದೆ. "ಜೋರ್ ಆ ಪೆಟ್ಟಿಗ್ಯಾಗ ಐತಿ. ಇದು ಸ್ವಚ್ಛ ಮಾತಾಡಿದ್ರ ಸಾಕು."

ನಾನೇ ಸುತ್ತುತ್ತೇನೆ ಎಂದೆ. ಎರಡು ಸುರುಳಿ, ಒಂದಕ್ಕೊಂದು ಎದುರುಬದುರಾಗಿ ಜೋಡಿಸಿದ್ದು. ಹೊರಗಿನ ಗುಂಯ್ ಎರಡರಲ್ಲೂ ಹೊಕ್ಕು ಒಂದನ್ನೊಂದು ಕೊಂದುಕೊಳ್ಳುತ್ತದೆ, ಗಿಟಾರಿನ ತಂತಿಯ ದನಿ ಮಾತ್ರ ಉಳಿಯುತ್ತದೆ. ಸುತ್ತು ಮಿತವಾಗಿರಬೇಕು, ಅಯಸ್ಕಾಂತ ಮೆತ್ತಗಿರಬೇಕು. ಎರಡು ದಿನ ಊಟಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ತಲೆ ಎತ್ತಲಿಲ್ಲ. ಉಸಿರು ಜೋರಾದರೂ ಹರಿಯುವ ತಂತಿ, ಒಮ್ಮೆಯೂ ಹರಿಯಲಿಲ್ಲ. ಇನ್ನು ಉಳಿದದ್ದು ಮೇಣ. ಮೋಟರಿಗೆ ನಾವು ವಾರ್ನಿಶ್ ಹಾಕುತ್ತೇವೆ, ಒಳಗಿನ ಸುತ್ತುಗಳು ಕದಲಬಾರದು ಎಂದು. ಪಿಕಪ್ಪನ್ನು ಕರಗಿದ ಮೇಣದಲ್ಲಿ ಅದ್ದಬೇಕು. ಇಲ್ಲದಿದ್ದರೆ ಸುತ್ತುಗಳು ಒಳಗೇ ನಡುಗುತ್ತವೆ. ಆ ನಡುಕವನ್ನೂ ಹೈ-ಗೇನ್ ಆ್ಯಂಪ್ ಬಿಡುವುದಿಲ್ಲ, ಹಿಡಿದು ಶಿಳ್ಳೆ ಮಾಡುತ್ತದೆ.

"ಮೇಣ ಮಾತ್ರ ಮರೀಬ್ಯಾಡಕ್ಕಾ," ಅಂತ ತಮ್ಮ ಬೆಳಿಗ್ಗೆಯೇ ಹೇಳಿದ್ದ.

ಅದೇ ಮಧ್ಯಾಹ್ನ ಅವನ ಬ್ಯಾಂಡಿನ ಗೆಳೆಯರು ಬಂದರು. ನಾನು ನೆಲದ ಮೇಲೆ ಕೂತು ನೀರು ಕಾಯಿಸುತ್ತಿದ್ದೆ. ಉಗುರಿನಲ್ಲಿ ವಾರ್ನಿಶಿನ ಕಪ್ಪು, ಸೀರೆಯ ಮೇಲೆ ಹಳೆಯ ಗೋಣಿತಟ್ಟು. ಆ್ಯಂಪಿನ ಹುಡುಗ ಕೇಳಿದ, "ಇಕಿ ಯಾರಲೇ?"

"ಅಂಗಡಿ ಕೆಲಸಕ್ಕ ಬರ್ತಾಳ," ಅಂದ ನನ್ನ ತಮ್ಮ.

ಅಪ್ಪ ಪೇಪರಿನಿಂದ ತಲೆ ಎತ್ತಿ ಮತ್ತೆ ಇಳಿಸಿದರು. ಹುಡುಗರು ಚಹಾಕ್ಕೆಂದು ಹೊರಗೆ ಹೋದರು. ತಮ್ಮ ಹೊಸ್ತಿಲು ದಾಟುವಾಗಲೂ ನನ್ನ ಕಡೆ ನೋಡಲಿಲ್ಲ. ನಾನು ಒಲೆ ಆರಿಸಿದ್ದು ಆಗ.

ಸಿಟ್ಟಿನಲ್ಲಿ ಮಾಡಿಬಿಟ್ಟೆ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಸಿಟ್ಟಿನವರ ಕೈ ನಡುಗುತ್ತದೆ. ನನ್ನದು ನಡುಗಲಿಲ್ಲ. ಕಪ್ಪು ಪಟ್ಟಿ ಸುತ್ತಿ ಸುರುಳಿ ಮುಚ್ಚಿದೆ, ಬೆಸುಗೆ ಹಾಕಿದೆ, ಗಿಟಾರಿಗೆ ಕೂರಿಸಿದೆ. ಸಂಜೆ ತಮ್ಮ ಕೇಳಿದ, "ಮೇಣ ಹಾಕಿದೇನ?" "ಹ್ಞೂ," ಅಂದೆ. ಕೆಲಸದವಳು ಹೇಳಿದಷ್ಟು ಮಾಡುತ್ತಾಳೆ ಅಂದುಕೊಂಡಿದ್ದಾನೆ, ಅಂದುಕೊಳ್ಳಲಿ.

ಮುಂದಿನ ನಾಲ್ಕು ದಿನ ಅವರು ಬಾಡಿಗೆ ಖೋಲಿಯಲ್ಲಿ ತಾಲೀಮು ಮಾಡಿದರು. ಪಕ್ಕದ ಮನೆಯವರು ಬೈಯುತ್ತಾರೆಂದು ಆ್ಯಂಪನ್ನು ಮೆತ್ತಗೆ ಇಟ್ಟುಕೊಂಡಿದ್ದರು. ಮೆತ್ತಗಿದ್ದಾಗ ಶಿಳ್ಳೆ ಬರುವುದಿಲ್ಲ, ನನಗೆ ಗೊತ್ತಿತ್ತು. "ಅಕ್ಕಾ, ಬೆಣ್ಣಿಯಂಗ ಐತಿ," ಎಂದು ತಮ್ಮ ಕುಣಿದ. ಅವನು ಹೊಗಳಿದಷ್ಟೂ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ಐದನೇ ದಿನ ಕಾಲೇಜಿನ ಗ್ಯಾದರಿಂಗ್, ವಾರ್ಷಿಕೋತ್ಸವ. ಅಂಗಡಿಯನ್ನು ಅಪ್ಪನಿಗೆ ಬಿಟ್ಟು ನಿಪ್ಪಾಣಿಯ ಬಸ್ಸು ಹತ್ತಿದೆ. ಯಾರೂ ಕರೆದಿರಲಿಲ್ಲ. ಹಾಲಿನ ಕೊನೆಯಲ್ಲಿ, ಬಾಗಿಲ ಪಕ್ಕ ನಿಂತೆ. ಸೌಂಡ್ ಹಚ್ಚಿದವರು ರಾಯಬಾಗ ಕಡೆಯ ವಯಸ್ಸಾದ ಒಬ್ಬ ಕಾಕಾ. ಆ್ಯಂಪ್ ಅಷ್ಟು ಏರಿಸಬೇಡಿ ಎಂದು ಅವರು ಹೇಳುತ್ತಿದ್ದರು. ತಮ್ಮ ಅವರ ಮಾತು ಕೇಳಲಿಲ್ಲ, ಎಲ್ಲರ ಮುಂದೆ ಅವರ ಕಾಲರ್ ಹಿಡಿದು ಜಗಳ ತೆಗೆದ.

ಒಂದು ನಿಮಿಷ ಚೆಂದ ನುಡಿಸಿದ. ಹಾಡು ಏರುವ ಕಡೆ ಆ್ಯಂಪನ್ನು ಪೂರಾ ತಿರುವಿದ. ಆಗ ಬಂತು. ತಂತಿಯ ಮೇಲೆ ಕೈ ಇಟ್ಟು ಅದುಮಿದರೂ ನಿಲ್ಲದ ಶಿಳ್ಳೆ. ಹುಡುಗಿಯರು ಕಿವಿ ಮುಚ್ಚಿಕೊಂಡರು. "ಕುಕರ್‌ಚಿ ಶಿಟ್ಟಿ ಝಾಲಿ ರೇ!" ಎಂದು ಮರಾಠಿಯಲ್ಲಿ ಒಬ್ಬ ಕೂಗಿದ, ಇಡೀ ಹಾಲು ಕುಕ್ಕರಿನಂತೆ ಶಿಳ್ಳೆ ಹೊಡೆಯತೊಡಗಿತು. "ಅನ್ನ ಆತ, ಇಳಿಸ್ರಲೇ!" ಎಂದು ಮತ್ತೊಬ್ಬ. ತಮ್ಮ ಗಿಟಾರಿನ ಹಿಂದೆ ಅಡಗಲು ಜಾಗ ಹುಡುಕುವವನಂತೆ ಸುತ್ತ ತಿರುಗುತ್ತಿದ್ದ. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಅಷ್ಟು ಸಿಹಿಯಾದ ನಗು ಅದಕ್ಕೂ ಮುಂಚೆ ನನಗೆ ಬಂದದ್ದಿಲ್ಲ.

ಮರುವಾರ ಬ್ಯಾಂಡಿನವರು ಬೇರೆ ಗಿಟಾರಿನವನನ್ನು ತಂದರು. ತಮ್ಮ ಗಿಟಾರನ್ನು ಅಂಗಡಿಯ ಮೂಲೆಗೆ ಒರಗಿಸಿದವನು ಮತ್ತೆ ಮುಟ್ಟಲಿಲ್ಲ. ಅಲ್ಲಿಗೆ ಮುಗಿದಿದ್ದರೆ ನಾನು ಈ ಹೊತ್ತಿಗೂ ಬಾಯಿ ಬಿಡುತ್ತಿರಲಿಲ್ಲವೇನೋ. ಆದರೆ ಅವನೂ ನನ್ನ ತಮ್ಮನೇ. ಸೇಡು ಅವನಿಗೂ ಬರುತ್ತಿತ್ತು.

"ಆ ಮುದಿಯಾ ಬೇಕಂತ ಸ್ಪೀಕರ್ ನನ್ನ ಕಡೆ ತಿರುವ್ಯಾನ. ಹಾಡಿಗಿಂತ ಮೊದಲ ಜಗಳಾ ಮಾಡಿದ್ನೆಲ್ಲ, ಅದರ ಸಿಟ್ಟ. ಬಿಡೂದಿಲ್ಲ ಅವನ್ನ."

ಕಂಡಕಂಡವರ ಮುಂದೆ ಹೇಳಿದ. ಕಾಕಾನ ಸೌಂಡು ದಗಾ, ನಡುವೆ ಕೈ ಕೊಡುತ್ತದೆ ಎಂದು ಫೋನಿನಲ್ಲಿ ಹಾಕಿದ. ರಾಯಬಾಗದ ಗಣಪತಿ ಮಂಡಳಿಯವರು ಕಾಕಾನನ್ನು ಬಿಟ್ಟರು. ಮುಗಳಖೋಡದ ಮದುವೆಯೊಂದು ಕೈತಪ್ಪಿತು. ಪ್ರತಿಯೊಂದನ್ನೂ ತಮ್ಮ ಊಟಕ್ಕೆ ಕೂತಾಗ ಹೇಳುತ್ತಿದ್ದ. ನಾನು ಅವನ ತಾಟಿಗೆ ಪಲ್ಯ ಬಡಿಸುತ್ತ ಕೇಳುತ್ತಿದ್ದೆ. ಮೊದಮೊದಲು, ಇವನು ಎಂಥ ಹುಚ್ಚ ಎಂದು ಒಳಗೇ ಖುಷಿಪಡುತ್ತಿದ್ದೆ. ಬರಬರುತ್ತ ಪಲ್ಯ ಬಡಿಸಿ, ಅವನ ಮಾತು ಮುಗಿಯುವ ಮುಂಚೆಯೇ ಒಳಗೆ ಹೋಗತೊಡಗಿದೆ.

ಒಂದು ಮುಂಜಾನೆ ಕಾಕಾನೇ ಅಂಗಡಿಗೆ ಬಂದರು. ಕೈಯಲ್ಲಿ ಸುಟ್ಟ ಸಣ್ಣ ಫ್ಯಾನು.

"ಇದೊಂದ ನೋಡ ತಂಗಿ. ಇದಿಲ್ಲಂದ್ರ ಸೌಂಡಿನ ಮಶಿನ್ ಕಾದು ಕೆಂಡ ಆಗತೈತಿ. ನಾಡದ ಅಥಣ್ಯಾಗ ಮದುವಿ ಐತಿ. ಅದೊಂದ ಉಳದೈತಿ ನನಗ."

ಮೂಲೆಯ ಗಿಟಾರ್ ನೋಡಿ ಗುರುತು ಹಿಡಿದರು. "ನನ್ನ ಕಾಲರ್ ಹಿಡದ ಹುಡುಗಂದಲ್ಲ ಇದು?"

"ನನ್ನ ತಮ್ಮಂದ್ರಿ."

"ಆವತ್ತ ಅವಗ ಹೇಳಾಕ ಹೋದ್ನಿ, ಕೇಳ್ಲಿಲ್ಲ. ನನ್ನ ಮಶಿನ್ ಎಲ್ಲಾ ಬಂದ್ ಮಾಡಿದ್ರೂ ಶಿಳ್ಳಿ ನಿಲ್ಲಲಿಲ್ಲವಾ. ಅಂದ್ರ ಅದು ಇದರಾಗಿಂದ. ಸುತ್ತಿದಾಂವ ಮೇಣ ಹಾಕೂದ ಮರ್ತಾನ, ಪಾಪ. ಆದ್ರ ಕೈ ಭಾಳ ಚೊಲೊ ಐತಿ. ಶಿಳ್ಳಿ ಬರೂತನಕ ಒಂದೊಂದ ಸ್ವರ ಬ್ಯಾರೆ ಬ್ಯಾರೆ ಕೇಳ್ತಿತ್ತು."

ಆ ಪಿಕಪ್ಪಿನ ಬಗ್ಗೆ ತಿಳಿದವರು ಆಡಿದ ಒಳ್ಳೆಯ ಮಾತು ಅದೊಂದೇ. ಅದನ್ನು ಆಡಿದವರು ನನ್ನಿಂದ ಹಾಳಾಗುತ್ತಿದ್ದ ಮನುಷ್ಯ. ಆಗಲೇ ಹೇಳಬೇಕಿತ್ತು. "ಹೌದ್ರಿ, ಮರ್ತಿರಬೇಕು," ಅಂದೆ. ಫ್ಯಾನು ಸುತ್ತಿ, ವಾರ್ನಿಶ್ ಎರಡು ಸಲ ಹಾಕಿ, ಒಣಗಿಸಿ ಸಂಜೆಗೆ ಕೊಟ್ಟೆ. ಅವರು ನನ್ನನ್ನು ಹರಸಿ ಹೋದರು.

ಮರುದಿನ ಮಧ್ಯಾಹ್ನ ತಮ್ಮ ಬಂದ. ಹೊರಗೆ ಯಾರೋ ಬೈಕ್ ಚಾಲೂ ಇಟ್ಟುಕೊಂಡು ಕಾಯುತ್ತಿದ್ದರು. ಅವನು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಕೇಳಿದ, "ಅಕ್ಕಾ, ಸ್ಪೀಕರಿನ ಕಾಯಿಲ್ ಸುಡಬೇಕಂದ್ರ ಏನ್ ಮಾಡಬೇಕ? ಯಾರಿಗೂ ಗೊತ್ತಾಗಬಾರ್ದು."

"ಯಾರ ಸ್ಪೀಕರ್?"

"ಆ ಮುದಿಯಾಂದು. ನಾಳೆ ಅಥಣ್ಯಾಗ ಹಚ್ಚಾವ ಅದಾನ. ಇದೊಂದ ಆದ್ರ ಅಂವ ಮತ್ತ ಎದ್ದ ನಿಂದ್ರೂದಿಲ್ಲ. ಹೇಳ ಬೇ, ನಿನಗ ಗೊತ್ತಿರ್ತೈತಿ."

ಗೊತ್ತಿತ್ತು. ಎರಡು ಮಾತಿನಲ್ಲಿ ಹೇಳಿಕೊಡಬಹುದಿತ್ತು. ಅವನ ಮುಖದಲ್ಲಿ ಏನು ಕಾಣುತ್ತಿತ್ತೋ ಅದನ್ನು ನಾನು ಒಲೆ ಆರಿಸಿದ ದಿನ ಯಾರಾದರೂ ನನ್ನ ಮುಖದಲ್ಲಿ ಕಂಡಿರಬಹುದು.

"ಅವರ ಸ್ಪೀಕರಿಗೆ ಕೈ ಹಚ್ಚಬ್ಯಾಡ. ಅವರದೇನೂ ತಪ್ಪಿಲ್ಲ."

"ನೀ ಯಾಕ ಅವನ ವಕೀಲಿ ಮಾಡ್ತಿ?"

"ಪಿಕಪ್‌ಗೆ ನಾ ಮೇಣ ಹಾಕಿಲ್ಲ."

ಅವನಿಗೆ ತಕ್ಷಣ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಹಿಂದಿದ್ದ ಮೋಟರಿನ ಮೇಲೆ ಕೂತ. "ಮರ್ತಿ ಏನಕ್ಕಾ?" ಎಂದು ಕೇಳಿದ. ಹೌದು ಅನ್ನು ಎಂದು ಬೇಡಿಕೊಳ್ಳುವಂತಿತ್ತು ಆ ದನಿ.

"ಮರೀಲಿಲ್ಲ. ಬೇಕಂತ ಬಿಟ್ಟೆ. ನಾಕ ಮಂದ್ಯಾಗ ನಿನ್ನ ಮಾನ ಹೋಗ್ಲಿ ಅಂತ ಬಿಟ್ಟೆ. ಹಾಲಿನ ಹಿಂದ ನಿಂತು ನಕ್ಕೇನಿ."

ಕೌಂಟರಿನಲ್ಲಿದ್ದ ಅಪ್ಪ ಎದ್ದು ನಿಂತರು. ಹೊರಗೆ ಬೈಕಿನವನು ಹಾರ್ನ್ ಹೊಡೆಯುತ್ತಲೇ ಇದ್ದ. ತಮ್ಮ ತಲೆ ಎತ್ತಿ ನನ್ನನ್ನೇ ನೋಡಿದ. "ಯಾಕ?" ಅಂದ.

ಅದಕ್ಕೆ ಉತ್ತರ ನನ್ನ ಹತ್ತಿರ ಎಷ್ಟೋ ತಿಂಗಳಿಂದ ಮಸೆದು ಇಟ್ಟದ್ದಿತ್ತು. ಹೊರಗೆ ತೆಗೆದರೆ ಅವನು ತಲೆ ತಗ್ಗಿಸುತ್ತಿದ್ದ, ನಾನು ಮತ್ತೊಮ್ಮೆ ಗೆಲ್ಲುತ್ತಿದ್ದೆ. ನುಂಗಿಕೊಂಡೆ. ಅಕ್ಕನನ್ನು ಕೆಲಸದವಳು ಎಂದದ್ದನ್ನು ಇನ್ನೊಂದು ದಿನ ಜಗಳವಾಡಿ ಕೇಳಿದರಾಯಿತು.

"ತಪ್ಪಾತೋ ತಮ್ಮಾ," ಅಂದೆ. ಅಪ್ಪನಿಗೂ ಬೈಕಿನವನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. "ನಿನ್ನ ಕೈಯಾಗಿನ ಗಿಟಾರ್ ಕಸಗೊಂಡಾಕಿ ನಾ. ಆ ಕಾಕಾನ ಅನ್ನಕ್ಕ ಕಲ್ಲ ಹಾಕಿದಾಕೀನೂ ನಾ. ನನ್ನ ಮಾಫ್ ಮಾಡ."