ಸುನಂದಮ್ಮನ ಮೊರ

ಗುಂಡ್ಲುಪೇಟೆಯಲ್ಲಿ ಗೊಬ್ಬರದಂಗಡಿಯ ಮೇಲಿದ್ದ ಸುನಂದಮ್ಮನವರ ಕೌನ್ಸೆಲಿಂಗ್ ಕೋಣೆಯಲ್ಲಿ ಮೇಜು ಇರಲಿಲ್ಲ, ಮೊರ ಇತ್ತು. ಅವರೆಯ ಕಾಲದಲ್ಲಿ ಅದರ ತುಂಬ ಅವರೆಕಾಯಿ, ಬೇಸಿಗೆಯಲ್ಲಿ ಹುಣಸೆಹಣ್ಣು, ಉಳಿದಂತೆ ಸಣ್ಣೀರುಳ್ಳಿಯೋ ಕಡಲೆಕಾಯಿಯೋ. ಮನಸ್ಸು ಕೆಟ್ಟು ಬಂದವರು ಚಾಪೆಯ ಮೇಲೆ ಮೊರದ ಆಚೆ ಕೂರುತ್ತಿದ್ದರು, ಸುನಂದಮ್ಮ ಈಚೆ. ಸುಲಿಯಿರಿ ಎಂದು ಅವರು ಯಾರಿಗೂ ಹೇಳುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಎದುರಿನವರ ಕೈ ತಾನಾಗಿ ಮೊರಕ್ಕೆ ಬರುತ್ತಿತ್ತು. ಈಕೆ ತಮ್ಮ ಅಡುಗೆಮನೆಯ ಕೆಲಸವನ್ನೆಲ್ಲ ಬಂದವರ ಕೈಲಿ ಮಾಡಿಸಿಕೊಳ್ಳುತ್ತಾರೆಂದೇ ಮೊದಲ ದಿನ ನಾನು ತಿಳಿದಿದ್ದೆ. ಬಾಯಿ ತಡೆಯದೆ ಕೇಳಿಯೂ ಬಿಟ್ಟೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಕಣ್ಗೆ ಕಣ್ಣಿಟ್ಟು ಕೇಳುದ್ರೆ ಪೊಲೀಸ್ ಸ್ಟೇಷನ್ ಆಗೋಯ್ತದ ಕಣಮ್ಮಿ. ಕೈ ಒಂದ್ ಕಡೆ ಇದ್ರೆ ಬಾಯ್ಗೆ ಅಷ್ಟು ಭಯ ಆಗಲ್ಲ.”

ನಾನು ಹೋದದ್ದು ಅವ್ವನಿಗಾಗಿ. ನಮ್ಮೂರು ಹರವೆ. ತಮ್ಮ ಮಂಜ ಬೈಕ್ ಅಪಘಾತದಲ್ಲಿ ತೀರಿಕೊಂಡ ಮೇಲೆ ಅವ್ವ ಊಟ ಬಿಟ್ಟಳು, ನಿದ್ದೆ ಬಿಟ್ಟಳು, ಕೊನೆಗೆ ಮಾತನ್ನೂ ಬಿಟ್ಟಳು. ಸೊರಗಿ ಸೊರಗಿ ಇವಳೂ ಹೊರಟುಬಿಡುತ್ತಾಳೆಂಬ ಭಯ ನಮ್ಮನ್ನು ತಿನ್ನುತ್ತಿತ್ತು. ಗಾಳಿ ಸೋಕಿದೆ ಎಂದು ದೊಡ್ಡವ್ವ ತಾಯಿತ ತಂದು ಕಟ್ಟಿದಳು. ನಾನು ಚಾಮರಾಜನಗರದ ಸ್ಕೂಲಿನಲ್ಲಿ ಟೀಚರು. ಅಲ್ಲಿ ತೋರಿಸಿದರೆ ಗುರುತಿನವರ ಕಣ್ಣಿಗೆ ಬೀಳುತ್ತೇವೆಂದು ಅವ್ವನನ್ನು ಗುಂಡ್ಲುಪೇಟೆಯ ಬಸ್ಸು ಹತ್ತಿಸಿದೆ. ತಾಯಿತ ಕಂಡರೆ ಆ ಮೇಡಂ ನಮ್ಮನ್ನು ಏನೆಂದುಕೊಂಡಾರು ಎಂದು ದಾರಿಯಲ್ಲೇ ಅದನ್ನು ಬಿಚ್ಚಿ ನನ್ನ ಪರ್ಸಿಗೆ ಸೇರಿಸಿದೆ.

ಸುನಂದಮ್ಮ ಅವ್ವನ ತೋಳಿನ ಮೇಲೆ ಉಳಿದಿದ್ದ ಗೆರೆಯನ್ನು ನೋಡಿದರು. “ಅಕ್ಕ, ಇಲ್ಲಿದ್ದ ದಾರ ಏನಾಯ್ತು?”

ಅವ್ವ ನನ್ನ ಪರ್ಸಿನ ಕಡೆ ನೋಡಿದಳು. ಸಿಕ್ಕಿಬಿದ್ದ ಕಳ್ಳಿಯ ಹಾಗೆ ತೆಗೆದುಕೊಟ್ಟೆ.

“ಯಾರು ಕಟ್ಟುದ್ದು?”

“ನಮ್ಮಕ್ಕ,” ಎಂದಳು ಅವ್ವ. ಎಷ್ಟೋ ದಿನದ ಮೇಲೆ ಆ ದನಿ ಕೇಳಿದ್ದೆ, ನನಗೆ ಅಳು ಬಂತು.

“ಅಕ್ಕ ಕಟ್ಟಿರದ್ನ ನೀನು ಬಿಚ್ಬಾರ್ದು ಕಣಮ್ಮಿ,” ಎಂದು ನನ್ನನ್ನು ಗದರಿಸಿ, ಅವ್ವನನ್ನು ಕೇಳಿಯೇ ತಾವು ಅದನ್ನು ಮತ್ತೆ ಕಟ್ಟಿದರು. ಆಮೇಲೆ, “ನಿದ್ದೆಗೆ ಮಾತ್ರೆ ಬೇಕು, ಅದು ನನ್ನ ಕೈಲಾಗಲ್ಲ,” ಎಂದು ಚಾಮರಾಜನಗರದ ಡಾಕ್ಟರ ಹತ್ತಿರ ಕಳಿಸಿದರು. ನಾನು ಯಾವ ಊರನ್ನು ತಪ್ಪಿಸಿಕೊಂಡು ಬಂದಿದ್ದೆನೋ ಅಲ್ಲಿಗೇ!

ವಾರಕ್ಕೊಮ್ಮೆ ಹೋಗತೊಡಗಿದೆವು. ನಾನು ಹೊರಗೆ ಮೆಟ್ಟಿಲ ಮೇಲೆ ಕೂರಬೇಕಿತ್ತು. ಒಳಗೆ ಅವ್ವ ಏನು ಹೇಳಿದಳೆಂದು ಕೇಳಿದರೆ, “ನಿಮ್ಮವ್ವನ್ನೇ ಕೇಳು. ಹೇಳುದ್ರೆ ಹೇಳ್ಕತರ,” ಎನ್ನುವರು. ಈ ವಿಷಯದಲ್ಲಿ ಮಾತ್ರ ಅವರು ಬಹಳ ಕಟ್ಟುನಿಟ್ಟು. ನನಗೆ ಸಿಟ್ಟು ಬರುತ್ತಿತ್ತು. ಆದರೆ ಮನೆಗೆ ಬಂದ ಅವ್ವ ಒಂದು ತುತ್ತು ಹೆಚ್ಚು ಉಣ್ಣುತ್ತಿದ್ದಳು, ಹಾಗಾಗಿ ಸುಮ್ಮನಿರುತ್ತಿದ್ದೆ.

ಪಿತೃಪಕ್ಷ ಬಂತು. ನಮ್ಮಲ್ಲಿ ತೀರಿಕೊಂಡವರಿಗೆ ಒಂದೊಂದು ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ ಎಡೆ ಇಡುತ್ತೇವೆ. ಆಮೇಲೆ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಹೊರಗಿರುತ್ತೇವೆ, ಅವರು ಬಂದು ಉಣ್ಣಲೆಂದು. ಮಂಜನ ಎಲೆ ಹಾಕಲು ಅವ್ವ ಬಿಡಲಿಲ್ಲ. ಹಾಕಿದರೆ ಅವನು ಸತ್ತದ್ದು ನಿಜವಾಗಿಬಿಡುತ್ತದೆ. ಹುಡುಗ ಹಸಿದುಕೊಂಡು ಅಲೆಯುತ್ತಾನೆ ಎಂದು ಊರವರು ಆಡಿಕೊಂಡರು. ಅಣ್ಣ ಮಾದೇವ ನನ್ನೊಂದಿಗೆ ಗುಂಡ್ಲುಪೇಟೆಗೇ ಬಂದ.

“ನೀವೊಂದ್ ಮಾತು ಏಳಿ ಮೇಡಂ. ನೀವ್ ಏಳುದ್ರೆ ಅವ್ವ ಇಟ್ಬುಡ್ತದ.”

“ಅದ್ಕೇ ಹೇಳಲ್ಲ ಕಣಪ್ಪ,” ಎಂದರು ಸುನಂದಮ್ಮ, ಸಣ್ಣೀರುಳ್ಳಿಯಿಂದ ಕಣ್ಣೆತ್ತದೆ. “ನಾ ಹೇಳಿ ಇಡ್ಸುದ್ರೆ ಅದು ನನ್ ಎಡೆ ಆಯ್ತದ. ಮಗ ಅವ್ರುದ್ದು. ಇಡಾದೂ ಬುಡಾದೂ ಅವ್ರುದ್ದೇ.”

“ಹಂಗಾದ್ರೆ ಮಂಜನ ಗತಿ?”

“ಅಷ್ಟು ಇಷ್ಟ ಪಡೋ ಅವ್ವ ಒಂದ್ ವರ್ಸ ತಡ ಮಾಡುದ್ರೆ, ಮಂಜ ಮುನುಸ್ಕಂಡಾನಾ?”

ಅಣ್ಣ ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದ. ಆ ವರ್ಷ ಮಂಜನಿಗೆ ಎಡೆ ಇಡಲಿಲ್ಲ.

ಮರುವರ್ಷ ಹಬ್ಬದ ಬೆಳಿಗ್ಗೆ ಅವ್ವ ತಾನಾಗಿ ಅಣ್ಣನನ್ನು ಕರೆದಳು. “ಬೇಕ್ರಿಗೆ ಓಗಿ ಮೊಟ್ಟೆ ಪಪ್ಸ್ ತಕಬಾರ್ಲಾ. ಮಂಜ ಬೇರೆ ಏನೂ ಮುಟ್ಟಲ್ಲ.” ವಡೆ, ಪಾಯಸಗಳ ನಡುವೆ ಪಪ್ಸ್ ಇಟ್ಟಳು. ಬಾಗಿಲು ಹಾಕಿಕೊಂಡು ಜಗುಲಿಯಲ್ಲಿ ಕೂತು, ಎದೆ ಬಿರಿಯುವ ಹಾಗೆ ಅತ್ತಳು. ಆಮೇಲೆ ಒಳಗೆ ಬಂದು ಎಲ್ಲರೊಂದಿಗೆ ಹೊಟ್ಟೆ ತುಂಬ ಉಂಡಳು. ಅವ್ವ ನಮಗೆ ಸಿಕ್ಕಿದ್ದು ಆವತ್ತು. ಸುನಂದಮ್ಮನಿಗೆ ಫೋನು ಮಾಡಿ ಹೇಳಿದರೆ, “ನಿಮ್ಮವ್ವನ್ಗೆ ಕೊಡು, ಅವ್ರೇ ಹೇಳ್ಲಿ,” ಎಂದರು.

ಈ ಬೇಸಿಗೆಯಲ್ಲಿ ಸುನಂದಮ್ಮ ಕಾಯಿಲೆ ಬಿದ್ದು ತೀರಿಕೊಂಡರು. ಸುದ್ದಿ ತಿಳಿದು ಗುಂಡ್ಲುಪೇಟೆಗೆ ಹೋದೆವು. ಅವರ ಮನೆಯ ಹೊಸಿಲ ಬಳಿ ನಿಂತವರಲ್ಲಿ ಎಷ್ಟೋ ಜನ ನಮ್ಮಂಥವರೇ. ಯಾರೂ ಯಾರನ್ನೂ ನೀವು ಹೇಗೆ ಪರಿಚಯ ಎಂದು ಕೇಳಲಿಲ್ಲ. ನನ್ನನ್ನು ಅಮ್ಮಿ ಎಂದು ಗದರಿಸಲು ಇನ್ನು ಯಾರಿದ್ದಾರೆ ಎನ್ನಿಸಿ ಸಂಕಟವಾಯಿತು.

ಮೊನ್ನೆ ಹಬ್ಬದಲ್ಲಿ ಅವ್ವ ಮಂಜನ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಸಿದಳು.

“ಅವ್ರು ನಮ್ಮ ಪೈಕಿ ಅಲ್ವಲ್ಲವ್ವ,” ಎಂದ ಅಣ್ಣ.

“ಸುಮ್ನಿರ್ಲಾ,” ಎಂದಳು ಅವ್ವ.

ಬಡಿಸಲು ಹೋದ ನನ್ನ ಕೈ ನಿಂತಿತು. ಅವರಿಗೇನು ಇಷ್ಟ? ಎಲ್ಲರ ಇಷ್ಟವನ್ನೂ ಕೇಳಿದ ಆಕೆ ತನ್ನದನ್ನು ಒಮ್ಮೆಯೂ ಹೇಳಿರಲಿಲ್ಲ. ಅವ್ವ ಯೋಚನೆ ಮಾಡಲಿಲ್ಲ. ನಮ್ಮ ಊಟದ್ದನ್ನೇ ಒಂದಿಷ್ಟು ಬಡಿಸಿ, ಒಳಗಿನಿಂದ ಮೊರದ ತುಂಬ ಹಸಿ ಕಡಲೆಕಾಯಿ ತಂದು ಎರಡು ಎಲೆಗಳ ನಡುವೆ ಇಟ್ಟಳು.

ಬಾಗಿಲು ಹಾಕಿಕೊಂಡು ಜಗುಲಿಗೆ ಬಂದೆವು. ಸ್ವಲ್ಪ ಹೊತ್ತಾದ ಮೇಲೆ ಅಣ್ಣ ಕೆಮ್ಮಿ, ಬಾಗಿಲು ತೆಗೆಯಲು ಎದ್ದ. ಅವ್ವ ಅವನ ಕೈ ಹಿಡಿದು ಕೂರಿಸಿದಳು.

“ವಸಿ ತಡಿಲಾ. ಮಂಜ ಅಷ್ಟು ಬೇಗ ಅವ್ರ್ ಮುಂದೆ ಬಾಯ್ ಬುಡಲ್ಲ.”