ಅಂಗಳದಲ್ಲಿ ಬಿಟ್ಟ ಮೂಡಲ

ಗೋಪನಕೊಪ್ಪದ ನಮ್ಮ ಮನೆಯಲ್ಲಿ ಎಡ, ಬಲ ಎಂದು ದಿಕ್ಕು ಹೇಳುವ ರೂಢಿ ಇರಲಿಲ್ಲ. ಬಲಗೈ ಉಣ್ಣುವುದಕ್ಕೆ, ಎಡಗೈ ತೊಳೆಯುವುದಕ್ಕೆ. ಅಲ್ಲಿಗೆ ಅವುಗಳ ಕೆಲಸ ಮುಗಿಯಿತು. ಉಳಿದದ್ದೆಲ್ಲ ಮೂಡಲ, ಪಡುವಲ, ಬಡಗಲ, ತೆಂಕಲ. "ಉಪ್ಪಿನ ಗಡಗಿ ತೆಂಕಲಕ್ಕ ಐತಿ ನೋಡು" ಎನ್ನುವಳು ಅವ್ವ. ಒಲೆಯ ಮುಂದೆ ಕೂತರೆ, "ಪಡುವಲಕ್ಕ ಸರಿ, ಹೊಗಿ ಕಣ್ಣಿಗೆ ಬಡೀತೈತಿ."

ಅರವತ್ತರ ದಶಕದಲ್ಲಿ ಧಾರವಾಡದ ಕಾಲೇಜು ಸೇರಿದೆ; ದಿನಾ ಮನೆಯಿಂದಲೇ ಹೋಗಿ ಬರುತ್ತಿದ್ದೆ. ಕವಾಯತು ಕಡ್ಡಾಯ. ಅದನ್ನು ಕಲಿಸುವ ಹವಾಲ್ದಾರರ ಸಹಿ ಬೀಳದಿದ್ದರೆ ಬಿ.ಎ. ಪರೀಕ್ಷೆಗೆ ಬಿಡುವುದಿಲ್ಲ ಎಂದಿದ್ದರು. ನಮ್ಮ ಮನೆತನದಲ್ಲಿ ಮ್ಯಾಟ್ರಿಕ್ ದಾಟಿದವನು ನಾನೊಬ್ಬನೇ.

"ಬಾಯೇ ಮುಡ್" ಎಂದರೆ ಎಡಕ್ಕೆ ತಿರುಗಬೇಕೆಂದು ಗೊತ್ತಿತ್ತು. ಆದರೆ ನಾನು ಮೊದಲು ಸೂರ್ಯನನ್ನು ನೋಡುತ್ತಿದ್ದೆ: ಮೂಡಲಕ್ಕೆ ಮುಖ ಇದೆ, ಹಾಗಾದರೆ ಎಡ ಎಂದರೆ ಬಡಗಲ. ಬಡಗಲಕ್ಕೆ ತಿರುಗಿದ ಕೂಡಲೇ ಆ ಲೆಕ್ಕ ಕೆಡುತ್ತಿತ್ತು. ಮತ್ತೆ ಹೊಸದಾಗಿ ಯೋಚಿಸುವಷ್ಟರಲ್ಲಿ ಸಾಲೆಲ್ಲ ತಿರುಗಿರುತ್ತಿತ್ತು; ನಾನೊಬ್ಬನೇ ಅವಸರದಲ್ಲಿ ಉಲ್ಟಾ ತಿರುಗಿ, ಪಕ್ಕದವನ ಮೂಗಿಗೆ ಮೂಗು ಕೊಟ್ಟು ನಿಂತಿರುತ್ತಿದ್ದೆ.

"ಯಾಕ್ರಿ ಸಾಹೇಬ್ರ, ನಿಮ್ಮ ಮೆರವಣಿಗಿ ಯಾವ ಊರಿಗೆ ಹೊಂಟೈತಿ?" ಎಂದರು ಹವಾಲ್ದಾರರು. ಮೈದಾನವೆಲ್ಲ ನಕ್ಕಿತು. "ಮುಂದಿನ ವಾರ ನೋಡ್ತೇನಿ. ಹಿಂಗ ನಿಂತ್ರ ಸಹಿ ಮಾಡಂಗಿಲ್ಲ."

ಆ ಸಂಜೆ ಅಂಗಳದಲ್ಲಿ ನಿಂತು, ಹುಕುಂ ಕೊಡು ಎಂದು ಅವ್ವನನ್ನು ಕರೆದೆ. ರೊಟ್ಟಿ ಬಡಿಯುವುದನ್ನು ಬಿಟ್ಟು ಎದುರಿಗೆ ಬಂದು ನಿಂತಳು.

"ಎಡಕ್ಕ ತಿರುಗು!"

ಎಣಿಸಿ, ನಿಧಾನ ತಿರುಗಿದೆ.

"ಅದು ಬಲ ಆತಲ್ಲೋ!"

"ಅದು ನಿನ್ನ ಬಲ, ಯವ್ವಾ. ನನಗ ಎಡ."

"ಮೂಡಲ ಅಂದ್ರ ಇಬ್ಬರಿಗೂ ಒಂದ. ಇದೇನಿದು, ತಲೀಗೊಂದು ದಿಕ್ಕು?"

ಗಂಟು ಬಿಚ್ಚಿದ್ದು ಅಲ್ಲಿಯೇ. ಮೂಡಲ ನೆಲಕ್ಕೆ ಅಂಟಿದ್ದು. ಎಡ ನನ್ನ ಮೈಗೆ ಅಂಟಿದ್ದು, ನಾನು ತಿರುಗಿದರೆ ಅದೂ ತಿರುಗುತ್ತದೆ. ಸೂರ್ಯನನ್ನು ಕೇಳುವುದನ್ನು ಬಿಡಬೇಕು, ಕೈಯನ್ನು ಕೇಳಬೇಕು.

"ಕಣ್ಣು ಮುಚ್ಚತೇನಿ. ಮೊದಲ ನನ್ನ ಗರಗರ ತಿರುಗಿಸು, ಆಮ್ಯಾಲೆ ಹುಕುಂ ಕೊಡು."

"ಹಂಚಿನ ಮ್ಯಾಲಿನ ರೊಟ್ಟಿ?"

"ಹೊತ್ತಿದ್ದನ್ನ ನಾನ ತಿಂತೇನಿ."

ಭುಜ ಹಿಡಿದು ತಿರುಗಿಸಿದಳು. ಹುಟ್ಟಿ ಬೆಳೆದ ಅಂಗಳದಲ್ಲಿ ಮೂಡಲ ಯಾವುದೆಂದು ನನಗೆ ತಿಳಿಯದಂತಾಯಿತು. ಆದರೂ ಕಣ್ಣು ತೆರೆಯಲಿಲ್ಲ. ಅವ್ವ ಕೂಗಿದಳು, ನಾನು ತಿರುಗಿದೆ. ವಾರವಿಡೀ ಇದೇ ನಡೆಯಿತು. ಹೊತ್ತಿದ ರೊಟ್ಟಿಯೂ ಇದ್ದೇ ಇತ್ತು.

ಕವಾಯತಿನ ಪರೀಕ್ಷೆಯ ಬೆಳಿಗ್ಗೆ ಬಿಸಿಲು ಕಣ್ಣಿಗೇ ಹೊಡೆಯುತ್ತಿತ್ತು. ನಾನು ಅದರ ಕಡೆ ಲಕ್ಷ್ಯ ಕೊಡಲಿಲ್ಲ. ಸಾಲು ತಿರುಗಿದಾಗ ಸಾಲಿನೊಡನೆ ತಿರುಗಿದೆ.

"ಅಂತೂ ದಿಕ್ಕು ಸಿಕ್ತೇನ್ರಿ?" ಎಂದರು ಹವಾಲ್ದಾರರು.

"ಇಲ್ರಿ ಸರ್, ಮನ್ಯಾಗ ಬಿಟ್ಟು ಬಂದೇನ್ರಿ."

ನಗುತ್ತ ಸಹಿ ಹಾಕಿದರು.