ಗಂಜಿ ಬ್ಯಾಟರಾಯಪ್ಪನ ಸಾಕ್ಷಿ

ಯಲಹಂಕದಿಂದ ಮೇಲೆದ್ದ ಯುದ್ಧವಿಮಾನವೊಂದು ಬ್ಯಾಟರಾಯಪ್ಪನ ರಾಗಿ ಗಂಜಿಯ ಘಮಕ್ಕೆ ಸೋತು ಹೆಬ್ಬಾಳದ ಮೇಲೆ ಪೂರಾ ಎರಡು ನಿಮಿಷ ಅಲ್ಲಾಡದೆ ನಿಂತಿತ್ತು. ಪೈಲಟ್ಟು ಒಂದು ಲೋಟ ಕೇಳಿದನಂತೆ, ಇಳಿಯಲು ಜಾಗವಿಲ್ಲದೆ ಬಾಯಿ ಚಪ್ಪರಿಸಿಕೊಂಡು ಹೋದನಂತೆ. ನಂಬದವರು ಬೆಳಗಿನ ಐದೂವರೆಗೆ ಇಲ್ಲಿನ ಕ್ಯಾನ್ಸರ್ ಆಸ್ಪತ್ರೆಯೊಂದರ ಗೇಟಿಗೆ ಬರಬೇಕು. ತಳ್ಳುಗಾಡಿಯ ಮೇಲೆ ಅರ್ಧ ಬೆಂಗಳೂರಿಗೆ ಸಾಲುವಂಥ ಪಾತ್ರೆ ಕೂತಿರುತ್ತದೆ. ಅಳೆದರೆ ಹತ್ತು ಲೀಟರು.

ಕೀಮೋ ಹಾಕಿಸಿಕೊಂಡು ಬಾಯೆಲ್ಲ ಹುಣ್ಣಾದವರಿಗೆ ಖಾರವಿಲ್ಲದ, ಆರಿಸಿದ ಗಂಜಿಯೊಂದೇ ಇಳಿಯುವುದು. ಒಂಬತ್ತು ಗಂಟೆಯೊಳಗೆ ಅರವತ್ತು ಲೋಟ ಖಾಲಿ. ಮಾಕಳಿಯ ಬ್ಯಾಟರಾಯಪ್ಪನಿಗೂ ಈಗ ಅರವತ್ತೇ. ಎಸ್ಸೆಸ್ಸೆಲ್ಸಿ ಪಾಸು, ಇಪ್ಪತ್ತು ವರ್ಷ ಯಶವಂತಪುರದ ಮಾರ್ಕೆಟ್ಟಿನಲ್ಲಿ ತೂಕದ ಕೆಲಸ. ಹೆಂಡತಿ ಸುಬ್ಬಲಕ್ಷ್ಮಮ್ಮನನ್ನು ಇದೇ ಆಸ್ಪತ್ರೆಗೆ ಕರೆತಂದಿದ್ದ. ಆಕೆ ಹೆದರಿ ಬೆಂಚಿನಿಂದ ಎದ್ದು ಮನೆಗೆ ಹೋದಳು. ಮತ್ತೆ ಬರಲಿಲ್ಲ. ಆಮೇಲೆ ಬದುಕಿದ್ದು ಎಂಟೇ ತಿಂಗಳು.

“ಕಾಯ್ಲೆಗಿಂತ ಮುಂಚೆ ಭಯ ತಿಂತು ಅವ್ಳನ್ನ,” ಎನ್ನುತ್ತಾನೆ. “ಅದ್ಕೇ ಇಲ್ಲಿ ಯಾರ ಮುಖ ಬಾಡಿದ್ರೂ ನಾನು ಬಾಯಿ ಬಿಡ್ತೀನಿ. ಬಾಯಿ ಬಿಟ್ರೆ ಸುಳ್ಳು ತಂತಾನೆ ಬತ್ತದೆ.”

ಗಂಜಿಯ ಜೊತೆಗೆ ಅವನಿಗೆ ಇನ್ನೊಂದು ಕೆಲಸವಿದೆ, ಅದಕ್ಕೆ ಸಂಬಳವಿಲ್ಲ. ಹೊಸ ಔಷಧಿಯ ಪ್ರಯೋಗಕ್ಕೆ ಸೇರುವ ರೋಗಿಗೆ ಓದು ಬಾರದಿದ್ದರೆ, ಡಾಕ್ಟರು ಎಲ್ಲವನ್ನೂ ಓದಿ ತಿಳಿಸುವಾಗ ಪಕ್ಕದಲ್ಲಿ ಒಬ್ಬ ಸಾಕ್ಷಿ ಕೂರಬೇಕು. ಆಸ್ಪತ್ರೆಯವರೂ ಆಗಕೂಡದು, ಮನೆಯವರೂ ಆಗಕೂಡದು. ಯಾರೂ ಒತ್ತಾಯ ಮಾಡಿಲ್ಲ, ಆಸೆ ತೋರಿಸಿಲ್ಲ, ರೋಗಿ ತಿಳಿದೇ ಒಪ್ಪಿದ್ದಾರೆ ಎಂದು ಅವನು ಸಹಿ ಹಾಕುತ್ತಾನೆ. ಪ್ರಯೋಗದ ಕಡತ ನೋಡಿಕೊಳ್ಳುವ ಪದ್ಮಶ್ರೀ ಗೇಟಿಗೆ ಬಂದು ಕೈ ಬೀಸಿದರೆ ಬ್ಯಾಟರಾಯಪ್ಪ ಸೌಟು ಕೆಳಗಿಟ್ಟು, ಕೈ ತೊಳೆದು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಒಳಗೆ ಹೋಗುತ್ತಾನೆ.

ಈ ಸೋಮವಾರ ಆರು ಗಂಟೆಗೆ ಗಾಡಿಯ ಮುಂದೆ ನಿಂತವಳು ಬಾಗಲಗುಂಟೆಯ ರತ್ನವ್ವ. ಹಾವೇರಿ ಕಡೆಯವಳು, ಗಾರ್ಮೆಂಟ್ಸ್ ಕೆಲಸ, ಎದೆಯಲ್ಲಿ ಗಂಟು. ಲೋಟ ಹಿಡಿದವಳು ಗಂಜಿ ಕುಡಿಯದೆ ಆಸ್ಪತ್ರೆಯ ಬಾಗಿಲನ್ನೇ ನೋಡುತ್ತಿದ್ದಾಳೆ.

“ಅಣ್ಣಾರ, ಒಳಗ ನಮ್ಮನ್ನ ಇಲಿ ಮಾಡ್ತಾರಂತ ಹೌದೇನ್ರೀ? ಹೊಸಾ ಔಷಧ ಚುಚ್ಚಿ ಸಾಯ್ತಾರೋ ಉಳೀತಾರೋ ಅಂತ ನೋಡ್ತಾರಂತ.”

“ಯಾವನಮ್ಮ ಯೋಳಿದ್ದು? ಇನ್ನೂರು ಜನಕ್ಕೆ ನಾನೇ ಸಾಕ್ಷಿ ಆಕಿದೀನಿ. ಒಬ್ಬರಿಗೂ ಒಂದು ಸೀನು ಬಂದಿಲ್ಲ. ಒಬ್ಬಾಕೆ ಮೊನ್ನೆ ಶಿವಗಂಗೆ ಬೆಟ್ಟ ಓಡ್ಕೊಂಡು ಏರಿದ್ಲು.”

ರತ್ನವ್ವ ಲೋಟವನ್ನು ತುಟಿಗೆ ಹಚ್ಚುತ್ತಾಳೆ. ಲೋಟ ಖಾಲಿಯಾಗುತ್ತದೆ.

ಹತ್ತು ಗಂಟೆಗೆ ಆಕೆಯ ಎದುರಿಗೆ ಡಾಕ್ಟರ್ ನರೇಂದ್ರ, ಪಕ್ಕದಲ್ಲಿ ಬ್ಯಾಟರಾಯಪ್ಪ. ಎಲ್ಲ ಮಾತೂ ದಾಖಲಾಗಬೇಕೆಂದು ಪದ್ಮಶ್ರೀ ಕ್ಯಾಮೆರಾ ಹಚ್ಚಿದ್ದಾಳೆ. ಡಾಕ್ಟರು ನಿಧಾನವಾಗಿ ಓದುತ್ತಾರೆ. ಅರ್ಧ ಜನರಿಗೆ ಈಗಿರುವ ಔಷಧಿಯ ಜೊತೆ ಹೊಸದು, ಉಳಿದರ್ಧಕ್ಕೆ ಈಗಿರುವುದು ಮಾತ್ರ. ಯಾರಿಗೆ ಯಾವುದೆಂದು ಆರಿಸುವುದು ಕಂಪ್ಯೂಟರು. ಗುಣವಾಗುತ್ತದೆಂಬ ಭರವಸೆಯಿಲ್ಲ. ತೊಂದರೆಯೂ ಆಗಬಹುದು. ಬೇಡವೆಂದರೆ ಯಾವಾಗ ಬೇಕಾದರೂ ಬಿಡಬಹುದು, ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ. ರತ್ನವ್ವ ಎಲ್ಲಕ್ಕೂ ತಲೆಯಾಡಿಸುತ್ತಾಳೆ.

“ಏನು ಅರ್ಥ ಆಯ್ತು, ನಿಮ್ಮ ಮಾತಲ್ಲೇ ಹೇಳಿ ಅಮ್ಮ,” ಎನ್ನುತ್ತಾರೆ ಡಾಕ್ಟರು.

“ಏನೂ ಆಗಂಗಿಲ್ಲಂತ ಅರ್ಥ ಆತ್ರೀ,” ಎಂದು ಆಕೆ ಹೆಬ್ಬೆರಳನ್ನು ಶಾಯಿಯ ಡಬ್ಬಿಯತ್ತ ಚಾಚುತ್ತಾಳೆ. “ಇನ್ನೂರು ಮಂದಿಗೆ ಒಂದು ಸೀನೂ ಬಂದಿಲ್ಲಂತಲ್ರೀ. ಅಣ್ಣಾರು ಹೇಳ್ಯಾರ.”

ಪದ್ಮಶ್ರೀ ಬ್ಯಾಟರಾಯಪ್ಪನನ್ನೇ ನೋಡುತ್ತಾಳೆ. ಸಹಿ ಹಾಕಬೇಕಾದ ಸಾಲು ಅವನ ಕಣ್ಣೆದುರಿಗಿದೆ: ಯಾರೂ ಆಸೆ ತೋರಿಸಿಲ್ಲ. ನಿಜ ಹೇಳಿದರೆ ಈಕೆಯೂ ಎದ್ದು ಹೋದಾಳೇ? ಹೇಳದಿದ್ದರೆ ಈ ಬೆರಳು ತನ್ನ ಸುಳ್ಳಿನ ಮೇಲೆ ಊರುತ್ತದೆ. ಜೇಬಿನಿಂದ ತೆಗೆದ ಪೆನ್ನನ್ನು ಮತ್ತೆ ಜೇಬಿಗೇ ಸಿಕ್ಕಿಸುತ್ತಾನೆ.

“ತಡಿ ತಾಯಿ, ಬೆರಳು ಒತ್ಬೇಡ,” ಎನ್ನುತ್ತಾನೆ. “ಇನ್ನೂರು ಸುಳ್ಳು. ಬೆಟ್ಟನೂ ಸುಳ್ಳು. ಡಾಕ್ಟ್ರು ಓದಿದ್ದು ನಿಜ.”

ರತ್ನವ್ವನ ಕೈ ಹಿಂದಕ್ಕೆ ಸರಿಯುತ್ತದೆ. ಡಾಕ್ಟರು ಇಂದಿಗೆ ಬೇಡ, ಗುರುವಾರ ಬೇರೆ ಸಾಕ್ಷಿಯೊಂದಿಗೆ ನೋಡೋಣ, ಮನೆಯಲ್ಲಿ ಯೋಚಿಸಿ ಎನ್ನುತ್ತಾರೆ. ಆಕೆ ಏಳುವುದಿಲ್ಲ.

“ಮೊದಲಿಂದ ಇನ್ನೊಮ್ಮೆ ಓದ್ರಿ ಸಾಹೇಬ್ರ. ಈಗ ಕಿವಿಗೊಟ್ಟು ಕೇಳ್ತೀನಿ.”

ಮತ್ತೆ ಮುಕ್ಕಾಲು ಗಂಟೆ. ಈ ಸಲ ಆಕೆ ಹನ್ನೊಂದು ಪ್ರಶ್ನೆ ಕೇಳುತ್ತಾಳೆ. ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು, ಒಪ್ಪಲಿ ಬಿಡಲಿ ಗುರುವಾರ ಬಂದೇ ಬರುವೆನೆಂದು ಎದ್ದು ನಿಲ್ಲುತ್ತಾಳೆ. ಬಾಗಿಲಲ್ಲಿ ತಿರುಗುತ್ತಾಳೆ.

“ಖರೇನ ಎಷ್ಟು ಮಂದಿ ಅಣ್ಣಾರ?”

“ಏಳು ಜನ,” ಎನ್ನುತ್ತಾನೆ ಬ್ಯಾಟರಾಯಪ್ಪ. “ನಾಲ್ಕು ಜನ ಈಗ್ಲೂ ಗಂಜಿಗೆ ಬತ್ತಾರೆ. ಮೂರು ಜನ ಬರ್ತಿಲ್ಲ. ಏನಾದ್ರು ಅಂತ ಈ ಪದ್ಮಶ್ರೀನ ಒಂದಿನಾನೂ ಕೇಳಿಲ್ಲ ಕಣಮ್ಮ. ಕೇಳೋಕೆ ನಂಗೇ ಭಯ.”